ಎಲ್ಲರಿಗೂ ಒಂದೇ ಎಡಿಟರ್

ನಮ್ಮ ಚಿಕ್ಕಪ್ಪ ಕೆಲಸಕ್ಕೆ ಕೂತರೆ ಬಲಗಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದರು. ಹಳೆಯ ಹಾಡು ಕೇಳುತ್ತಾರೆ ಅಂತ ಆಫೀಸಿನವರು ತಿಳಿದಿದ್ದರು. "ಗುರುಗಳೇ, ಯಾವ ಹಾಡು, ನಮಗೂ ಸ್ವಲ್ಪ ಕೇಳ್ಸಿ" ಎಂದು ಪಕ್ಕದ ಮೇಜಿನಲ್ಲಿ ಕೂರುವ, ನಾವು ಗಡ್ಡ ಎಂದೇ ಕರೆಯುವ ಸಹೋದ್ಯೋಗಿ ಒಮ್ಮೆ ಬೆನ್ನು ಹತ್ತಿದಾಗ, "ನಿನ್ನ ವಯಸ್ಸಿಗೆ ತಡೆಯಲ್ಲಪ್ಪ, ಬರೀ ವಿರಹ" ಅಂದು ತಪ್ಪಿಸಿಕೊಂಡಿದ್ದರು.

ಅದರಲ್ಲಿ ಹಾಡೂ ಇರಲಿಲ್ಲ, ವಿರಹವೂ ಇರಲಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಯಂತ್ರದ ಧ್ವನಿ ಇತ್ತು. ಅದು ಓಡುವ ವೇಗಕ್ಕೆ ನನಗಂತೂ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಚಿಕ್ಕಪ್ಪನಿಗೆ ಮಾತ್ರ ಆ ಸಿಡಿತದಲ್ಲೇ ಕೋಡಿನ ಯಾವ ಆವರಣ ಚಿಹ್ನೆ ತೆರೆದುಕೊಂಡಿದೆ, ಯಾವುದು ಮುಚ್ಚಿಲ್ಲ ಎಂಬುದು ತಿಳಿಯುತ್ತಿತ್ತು.

ಅವರ ಕಣ್ಣಿನ ನಡುಭಾಗ ಸವೆದು ಐದು ವರ್ಷವಾಗಿತ್ತು. ನೆಟ್ಟ ಕಡೆ ಮಂಜು, ಅಂಚಿನಲ್ಲಿ ಮಾತ್ರ ಬೆಳಕು. ಎದುರಿಗೆ ನಿಂತವರ ಮೂಗು ಕಾಣದು, ಪಕ್ಕದಲ್ಲಿ ಹಾದುಹೋಗುವ ಬೆಕ್ಕು ಕಾಣುತ್ತದೆ. ಹಾಗಾಗಿ ನಡೆಯುತ್ತಿದ್ದರು, ಮೆಟ್ಟಿಲು ಹತ್ತುತ್ತಿದ್ದರು, ಲೋಟಕ್ಕೆ ಚೆಲ್ಲದಂತೆ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. ಯಾರ ಜೊತೆ ಮಾತಾಡುವಾಗಲೂ ಮುಖ ಸ್ವಲ್ಪ ಓರೆಯಾಗಿಸುತ್ತಿದ್ದರು. ಜನ ಅದನ್ನು ಜಂಬ ಅಂದುಕೊಂಡರು. "ಅಂದುಕೊಳ್ಳಲಿ ಬಿಡು, ಕುರುಡ ಅನ್ನೋದಕ್ಕಿಂತ ಜಂಬದ ಕೋಳಿ ಅನ್ನೋದು ವಾಸಿ" ಎನ್ನುತ್ತಿದ್ದರು ನನ್ನ ಹತ್ತಿರ. ವಿಷಯ ಗೊತ್ತಿದ್ದದ್ದು ಚಿಕ್ಕಮ್ಮನಿಗೆ, ನನಗೆ, ಕಣ್ಣಿನ ಡಾಕ್ಟರಿಗೆ.

ನಾನು ಆ ಆಫೀಸಿಗೆ ಸೇರಿದ್ದೇ ಚಿಕ್ಕಪ್ಪನ ಬೆನ್ನಿಗೆ ಅಂಟಿಕೊಂಡು. ಓದಿನಲ್ಲಿ ಅಷ್ಟಕ್ಕಷ್ಟೇ ಇದ್ದ ನನ್ನನ್ನು, ಅಣ್ಣನ ಮಗಳನ್ನು, ಪಕ್ಕದಲ್ಲಿ ಕೂರಿಸಿಕೊಂಡು ಕೋಡ್ ಓದುವುದನ್ನು ಕಲಿಸಿದವರು ಅವರೇ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ರಕ್ತ ಪರೀಕ್ಷೆಯ ಲ್ಯಾಬ್‌ಗಳಿಗೆ ನಾವು ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ಯಂತ್ರ ಅಳೆದ ಅಂಕೆಯನ್ನು ಹಿಡಿದು, ರೋಗಿಯ ಹೆಸರಿನ ಎದುರು ಕೂರಿಸಿ, ವರದಿಯಾಗಿ ಅಚ್ಚು ಹಾಕುವ ಪ್ರೋಗ್ರಾಂ. ಯಜಮಾನಿ ಮೇಡಂ ಹಿಂದೆ ತಾವೇ ಲ್ಯಾಬಿನಲ್ಲಿ ದುಡಿದವರು. ಅವರೂ ಸೇರಿ ನಾವು ನಾಲ್ವರೂ ಅದೇ ಕೋಡಿನಲ್ಲಿ ಕೈಯಾಡಿಸುವವರು. ಚಿಕ್ಕಪ್ಪ, ಗಡ್ಡ ಬರೆಯುವುದು. ನಾನು ಅವರು ಬರೆದದ್ದನ್ನು ಪರೀಕ್ಷಿಸುವುದು, ಫೋನ್ ಎತ್ತುವುದು, ಕಾಗದಪತ್ರ ನೋಡುವುದು.

ಒಂದು ಬೆಳಿಗ್ಗೆ ನಮ್ಮ ಅತಿ ದೊಡ್ಡ ಗಿರಾಕಿಯಾದ ಆಸ್ಪತ್ರೆಯಿಂದ ಪತ್ರ ಬಂತು. ನಮ್ಮ ಪ್ರತಿ ಕಂಪ್ಯೂಟರಿನಲ್ಲಿ ಇರುವ ಪ್ರತಿಯೊಂದು ತಂತ್ರಾಂಶದ ಹೆಸರು, ಅದರ ಲೈಸೆನ್ಸಿನ ಪುರಾವೆ, ಎಲ್ಲ ಕಂಪನಿಯ ಹೆಸರಿನಲ್ಲೇ, ತಿಂಗಳೊಳಗೆ ಕಳಿಸಬೇಕು. ಹುಡುಕಿದಾಗ ಒಂದು ಕಡೆ ಮಾತ್ರ ಕಾಲು ಸಿಕ್ಕಿಬಿತ್ತು. ಕೋಡ್ ಬರೆಯಲು ನಾವು ಬಳಸುತ್ತಿದ್ದ ಎಡಿಟರನ್ನು ಎಂಟು ವರ್ಷದ ಹಿಂದೆ ಒಂದೇ ಸಲ ದುಡ್ಡು ಕೊಟ್ಟು ಕೊಂಡಿದ್ದೆವು. ಅದನ್ನು ಮಾಡಿದವರು ಆ ಲೈಸೆನ್ಸನ್ನೇ ರದ್ದು ಮಾಡಿ, ಇನ್ನು ಮುಂದೆ ತಲೆಗೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಮಾಡಿಟ್ಟಿದ್ದರು. ನಾಲ್ಕು ತಲೆಗೆ ಸೇರಿ ನಮ್ಮ ಎರಡು ತಿಂಗಳ ಆಫೀಸ್ ಬಾಡಿಗೆಯಷ್ಟಾಗುತ್ತಿತ್ತು.

"ಅಲ್ಲ, ಮಂಚ ತಗೊಂಡ್ಮೇಲೆ ಅದರ ಮೇಲೆ ಮಲಗೋಕೆ ವರ್ಷ ವರ್ಷ ದುಡ್ಡು ಕೊಡ್ತೀವಾ?" ಎಂದರು ಮೇಡಂ. "ಬೇರೆ ಏನಿದೆ ನೋಡಿ. ಒಂದು ಪಟ್ಟಿ ಮಾಡಮ್ಮ ನೀನು."

"ಪುಕ್ಕಟೆಯದು ಇದೆಯಲ್ಲ ಮೇಡಂ!" ಎಂದು ಗಡ್ಡ ಕುರ್ಚಿ ಸಮೇತ ತಿರುಗಿದ. ಅವನಿಗೆ ಮೂವತ್ತೈದು ದಾಟಿದ್ದರೂ ಹೊಸ ತಂತ್ರಾಂಶ ಅಂದರೆ ಆಟಿಕೆ ಕಂಡ ಮಗುವೇ. "ಲೈಸೆನ್ಸೂ ಸ್ವಚ್ಛ, ಆಫೀಸಲ್ಲೂ ಬಳಸಬಹುದು, ಈ ಹಳೇ ಡಬ್ಬಾ ಕಂಪ್ಯೂಟರಲ್ಲೂ ಜಿಂಕೆ ಥರ ಓಡುತ್ತೆ."

ಅಂದಿನಿಂದ ಹಳೆಯದರ ಹೆಸರು ಬಾಡಿಗೆಯದು, ಇನ್ನೊಂದರ ಹೆಸರು ಪುಕ್ಕಟೆಯದು.

ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಹಿಂದೊಮ್ಮೆ ಹಾಗೆ ಮಾಡಿ ಸುಟ್ಟುಕೊಂಡಿದ್ದೆವು. ಗಡ್ಡ ಬೇರೊಂದು ಎಡಿಟರಿನಲ್ಲಿ ಫೈಲ್ ತೆರೆದು ಉಳಿಸಿದ್ದ. ಅದು ಸಾಲಿನ ಮೊದಲಿನ ಖಾಲಿ ಜಾಗವನ್ನೆಲ್ಲ ತನ್ನಿಷ್ಟಕ್ಕೆ ಸರಿಸಿ, ಎರಡು ಸಾವಿರ ಸಾಲೂ ಬದಲಾಗಿದೆ ಎಂದು ತೋರಿಸಿತು. ನಿಜಕ್ಕೂ ಬದಲಾದ ಒಂದು ಸಾಲು ಹುಡುಕಲು ಮೂರು ದಿನ ಹಿಡಿದಿತ್ತು. ಅವತ್ತೇ ಮೇಡಂ ಕಟ್ಟಪ್ಪಣೆ ಮಾಡಿದ್ದರು: ಈ ಆಫೀಸಲ್ಲಿ ಎಲ್ಲರಿಗೂ ಒಂದೇ ಎಡಿಟರ್.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೆಳಗಿಳಿದ ಮೇಲೆ ಚಿಕ್ಕಪ್ಪ ಪುಕ್ಕಟೆಯದನ್ನು ಹಾಕಿಕೊಂಡು ನೋಡಿದರು. ನಾನು ಪಕ್ಕದಲ್ಲೇ ಇದ್ದೆ. ಪರದೆಯ ತುಂಬ ಕೋಡ್. ಬಾಣದ ಗುಂಡಿ ಒತ್ತುತ್ತ ಒಂದೊಂದೇ ಸಾಲು ಕೆಳಗಿಳಿದರು. ಇಯರ್‌ಫೋನ್ ತೆಗೆದು ನನ್ನ ಕಿವಿಗಿಟ್ಟರು.

"ಖಾಲಿ" ಎಂದಿತು ಆ ಧ್ವನಿ. ಇನ್ನೊಂದು ಸಾಲು. "ಖಾಲಿ." ಮತ್ತೊಂದು. "ಖಾಲಿ."

ಆ ಎಡಿಟರ್ ಅಕ್ಷರಗಳನ್ನು ಚಿತ್ರದ ಹಾಗೆ ತಾನೇ ಬಿಡಿಸಿ ತೋರಿಸುತ್ತದೆಯಂತೆ. ಓದುವ ಧ್ವನಿಗೆ ಅದರೊಳಗೆ ಏನೂ ಸಿಗುವುದಿಲ್ಲ. ಎಂಟುನೂರು ಸಾಲು ಕಣ್ಣ ಮುಂದಿದೆ, ಕಿವಿಗೆ ಖಾಲಿ.

"ಮೇಡಂಗೆ ಹೇಳಿಬಿಡಿ ಚಿಕ್ಕಪ್ಪ" ಅಂದೆ.

"ಏನಂತ? ಎಂಟು ಲ್ಯಾಬಿನ ರಕ್ತದ ಲೆಕ್ಕ ಬರೆಯೋನಿಗೆ ಕಣ್ಣು ಕಾಣಲ್ಲ ಅಂತಲಾ? ಹೇಳಿದ್ರೆ ಎಡಿಟರ್ ಉಳಿಯುತ್ತೆ ಕಣಮ್ಮಾ, ಕೆಲಸ ಉಳಿಯಲ್ಲ. ನೀನು ಪಟ್ಟಿಯಲ್ಲಿ ಪುಕ್ಕಟೆಯದಕ್ಕೆ ಒಂದೆರಡು ಕಪ್ಪು ಚುಕ್ಕೆ ಇಡು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಶುಕ್ರವಾರ ಮೀಟಿಂಗ್. ನಮ್ಮಲ್ಲಿ ಮೀಟಿಂಗ್ ಎಂದರೆ ಮೇಡಂ ಮೇಜಿನ ಸುತ್ತ ನಾಲ್ಕು ಕುರ್ಚಿ ಎಳೆದುಕೊಳ್ಳುವುದು. ಚಿಕ್ಕಪ್ಪ ವಕೀಲರ ಹಾಗೆ ಗಂಟಲು ಸರಿಮಾಡಿಕೊಂಡರು.

"ಪುಕ್ಕಟೆಯದನ್ನ ನಾಳೆ ನಿಲ್ಲಿಸಿಬಿಟ್ರೆ ಯಾರನ್ನ ಕೇಳೋದು?"

"ಗುರುಗಳೇ, ದುಡ್ಡು ಇಸ್ಕೊಂಡವರೇ ನಿಲ್ಲಿಸಿದ್ರಲ್ಲ ಈಗ! ಪುಕ್ಕಟೆಯದಾದ್ರೆ ಕೋಡೇ ಬಯಲಲ್ಲಿದೆ, ಯಾರು ಬೇಕಾದ್ರೂ ಮುಂದುವರಿಸಬಹುದು."

"ಅದರ ಬಣ್ಣ ಸರಿಯಿಲ್ಲ. ಕಣ್ಣಿಗೆ ಹೊಡೆಯುತ್ತೆ."

ಗಡ್ಡ ನಕ್ಕುಬಿಟ್ಟ. "ನೂರಾ ಎಂಟು ಬಣ್ಣ ಇದೆ, ನಿಮಗೆ ಯಾವುದು ಬೇಕು ಹೇಳಿ, ಹಾಕಿಕೊಡ್ತೀನಿ."

"ಕೈಗೆ ಕೂತಿರೋ ಶಾರ್ಟ್‌ಕಟ್ಟು..."

"ಎಲ್ಲಾ ಹಳೇ ಥರಾನೇ ಮಾಡಿಕೊಡ್ತೀನಿ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂದ ಹಾಗಾಯ್ತು ನಿಮ್ಮ ಕಥೆ!"

ಮೇಡಂ ಕೂಡ ನಕ್ಕರು. ಆಮೇಲೆ ಚಿಕ್ಕಪ್ಪನ ಮುಖ ನೋಡಿ ನಗು ನಿಲ್ಲಿಸಿದರು. "ನೋಡಿ, ಹನ್ನೆರಡು ವರ್ಷದಿಂದ ನೀವು ಇದು ಬೇಕು ಅಂತ ಬಾಯಿಬಿಟ್ಟು ಕೇಳಿದವರಲ್ಲ. ಒಂದೇ ಒಂದು ಸರಿಯಾದ ಕಾರಣ ಹೇಳಿ, ನಾಳೆನೇ ಬಾಡಿಗೆಯದನ್ನೇ ತಗೊಳ್ಳೋಣ."

ಕೆಳಗೆ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬಿಸುತ್ತಿದ್ದರು. ಅದು ನಿಂತ ಮೇಲೆ ಚಿಕ್ಕಪ್ಪ, "ಅಂಥದ್ದೇನಿಲ್ಲ ಬಿಡಿ. ಅಭ್ಯಾಸ ಅಷ್ಟೇ" ಅಂದರು.

ನಾನು ನನ್ನ ಪಟ್ಟಿಯನ್ನು ನೋಡುತ್ತ ಕೂತಿದ್ದೆ.

ಅವತ್ತು ಸಂಜೆ ಅವರ ಮನೆಗೆ ಹೋದಾಗ ಚಿಕ್ಕಮ್ಮ ತರಕಾರಿ ಹೆಚ್ಚುವ ಚಾಕು ಹಿಡಿದುಕೊಂಡೇ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಅವರಿಗಂತೂ ಬಾಯಿಗೆ ಬೀಗ ಬಿದ್ದಿದೆ, ನಿನಗೇನಾಗಿತ್ತು ದಾಡಿ?"

"ಅವಳನ್ನ ಯಾಕೆ ಬೈತೀಯ" ಎಂದು ಚಿಕ್ಕಪ್ಪ ಒಳಗಿನಿಂದ ಕೂಗಿದರು. "ನನ್ನ ಕಣ್ಣು, ನನ್ನ ಬಾಯಿ."

"ಹೌದ್ಹೌದು, ನಿಮ್ಮ ಕಣ್ಣೇ. ಹೋದ ವಾರ ಉಪ್ಪು ಅಂತ ಸಕ್ಕರೆ ಸುರಿದದ್ದು ಮಾತ್ರ ನನ್ನ ಸಾರಿಗೆ!"

ಚಿಕ್ಕಪ್ಪ ನಕ್ಕರು. ಚಿಕ್ಕಮ್ಮ ನಗಲಿಲ್ಲ.

ಮುಂದಿನ ವಾರದಿಂದ ಪುಕ್ಕಟೆಯದು ಬಂತು. ಚಿಕ್ಕಪ್ಪ ಒಂದು ಉಪಾಯ ಮಾಡಿಕೊಂಡರು. ಕಂಪ್ಯೂಟರಿನ ಜೊತೆಗೇ ಬರುವ ಒಂದು ಬಡಪಾಯಿ ನೋಟ್‌ಪ್ಯಾಡ್ ಇರುತ್ತದಲ್ಲ, ಅದು ಕಿವಿಗೆ ಮಾತಾಡುತ್ತದೆ. ಅದರಲ್ಲಿ ಬರೆಯುವುದು, ನಕಲು ಮಾಡಿ ಪುಕ್ಕಟೆಯದರೊಳಗೆ ಅಂಟಿಸುವುದು, ಕಟ್ಟಪ್ಪಣೆಯಂತೆ ಅದರಲ್ಲೇ ಉಳಿಸುವುದು. ಅಂಟಿಸುವ ಗಳಿಗೆಯಲ್ಲಿ ಮಾತ್ರ ಕಿವಿಗೆ ಖಾಲಿ. ಸಾಲು ಎಣಿಸಿಕೊಂಡು ಅಂದಾಜಿನ ಮೇಲೆ ಇಳಿಯಬೇಕು. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಮೊದಲು ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಎರಡು ದಿನ ಹಿಡಿಯತೊಡಗಿತು. ಬೆನ್ನು ಬಾಗಿತು. ಗಡ್ಡನ ಜೋಕಿಗೆ ಉತ್ತರ ಕೊಡುವುದು ಕಡಿಮೆಯಾಯಿತು.

ಮೊದಲ ತಪ್ಪು ಎರಡನೇ ವಾರ ಸಿಕ್ಕಿತು. ಒಂದೇ ಸಾಲು ಎರಡು ಸಲ ಅಂಟಿತ್ತು. ಪರೀಕ್ಷಿಸುವವಳು ನಾನೇ ಆದ್ದರಿಂದ ಯಾರಿಗೂ ಹೇಳದೆ ಅಳಿಸಿದೆ. ಎರಡನೆಯದು ಅದಕ್ಕಿಂತ ಕೆಟ್ಟದ್ದು: ಸಕ್ಕರೆಯ ಅಂಶದ ಸಾಲು ಹೋಗಿ ಉಪ್ಪಿನ ಅಂಶದ ಜಾಗದಲ್ಲಿ ಕೂತಿತ್ತು. ಚಿಕ್ಕಮ್ಮನ ಸಾರು ನೆನಪಾಯಿತು, ನಗು ಬರಲಿಲ್ಲ. ಅದನ್ನೂ ನಾನೇ ಸರಿಮಾಡಿದೆ. ಚಿಕ್ಕಪ್ಪ, "ಎಲ್ಲಾ ಸರಿ ಇತ್ತೇನಮ್ಮಾ?" ಎಂದು ಕೇಳಿದರು. "ಸರಿ ಇತ್ತು ಚಿಕ್ಕಪ್ಪ" ಅಂದೆ. ಅವರ ಮುಖದಲ್ಲಿ ಕಂಡ ಸಮಾಧಾನಕ್ಕೆ ನಾನು ಇನ್ನೂ ಹತ್ತು ಸುಳ್ಳು ಹೇಳಬಲ್ಲವಳಾಗಿದ್ದೆ.

ಆಮೇಲೆ ಮೂರನೆಯದು ಕಂಡಿತು. ಒಂದು ಲ್ಯಾಬಿಗೆ ಹೊಸ ಯಂತ್ರ ಬಂದಿತ್ತು. ಗಡ್ಡೆಯ ಶಸ್ತ್ರಚಿಕಿತ್ಸೆಯಾದವರ ರಕ್ತದಲ್ಲಿ ರೋಗದ ಗುರುತು ಉಳಿದಿದೆಯೇ ಎಂದು ಅಳೆಯುವಂಥದ್ದು. ಚಿಕ್ಕಪ್ಪ ಅದಕ್ಕೆ ಬರೆದ ಭಾಗದಲ್ಲಿ, ಅಂಕೆಯ ಮುಂದೆ 'ಅದಕ್ಕಿಂತ ಕಡಿಮೆ' ಎನ್ನಲು ಗಣಿತದಲ್ಲಿ ಹಾಕುವ '<' ಚಿಹ್ನೆ ಬಂದರೆ ಅದನ್ನೂ ಹಾಗೇ ಅಚ್ಚು ಹಾಕು ಎನ್ನುವ ಎರಡು ಸಾಲಿತ್ತು. ಬೇರೆ ಯಾವ ಪರೀಕ್ಷೆಯಲ್ಲೂ ಅಂಥದ್ದಿರಲಿಲ್ಲ. ಅಂಕೆಯ ಜೊತೆ ಚಿಹ್ನೆಗೇನು ಕೆಲಸ? ಎಲ್ಲಿಂದಲೋ ಹರಿದು ಬಂದು ಅಂಟಿಕೊಂಡ ಚೂರು ಅಂತ ನನಗೆ ಖಾತ್ರಿಯಾಯಿತು. ಅಂಕೆ ಮಾತ್ರ ಉಳಿಯುವಂತೆ ತಿದ್ದಿದೆ. ತಿದ್ದಿ ಕೂತು ಯೋಚಿಸಿದೆ: ನಾಲ್ಕನೆಯದು ನನ್ನ ಕಣ್ಣಿಗೂ ತಪ್ಪಿಸಿಕೊಂಡರೆ? ರೋಗಿಯ ಕೈಯಲ್ಲಿರುವ ಕಾಗದ ಅದು.

ಹೋಗಿ ಮೇಡಂ ಹತ್ತಿರ ಎಲ್ಲ ಹೇಳಿದೆ. ಕಣ್ಣು, ಕಿವಿ, ಖಾಲಿ, ಮೂರು ತಪ್ಪು. "ತಪ್ಪಿನ ವಿಷಯ ಚಿಕ್ಕಪ್ಪನಿಗೆ ಗೊತ್ತಿಲ್ಲ, ದಯವಿಟ್ಟು ಹೇಳಬೇಡಿ" ಅಂತಲೂ ಸೇರಿಸಿದೆ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಐದು ವರ್ಷ! ನನ್ನ ಮುಂದೆ ಕೂತು? ಅಯ್ಯೋ ದೇವರೇ" ಅಂದರು. ಅವರು ಕೆಟ್ಟವರಲ್ಲ ಎಂದು ಹೇಳಲೇಬೇಕು. ಒಂದು ಗಂಟೆಯೊಳಗೆ ಬಾಡಿಗೆಯ ಎಡಿಟರಿನ ಒಂದು ವರ್ಷದ ಲೈಸೆನ್ಸ್ ಕೊಂಡರು, ಚಿಕ್ಕಪ್ಪ ಒಬ್ಬರಿಗೆ. ಎರಡು ಎಡಿಟರೂ ಒಂದೇ ಥರ ಜಾಗ ಬಿಡುವಂತೆ ಗಡ್ಡ ಹೊಂದಿಸಿಕೊಟ್ಟ. ಅದು ಅರ್ಧ ಗಂಟೆಯ ಕೆಲಸವಂತೆ. ಆ ಕಟ್ಟಪ್ಪಣೆ ಅಷ್ಟು ಸುಲಭಕ್ಕೆ ಬಗ್ಗುವಂಥದ್ದು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

"ನೀನು ಹೇಳಿದೆಯಾ?" ಎಂದು ಚಿಕ್ಕಪ್ಪ ಅವತ್ತು ಕೇಳಿದ್ದು ಅಷ್ಟೇ.

"ನಿಮ್ಮ ಕಷ್ಟ ನೋಡೋಕಾಗಲಿಲ್ಲ" ಅಂದೆ. ತಪ್ಪುಗಳ ವಿಷಯ ಎತ್ತಲಿಲ್ಲ.

"ಹೂಂ" ಅಂದರು.

ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಮೊದಲು ಬದಲಾದವನು ಗಡ್ಡ. ಅವನು ಗೇಲಿ ಮಾಡುವುದನ್ನೇ ನಿಲ್ಲಿಸಿದ. "ಗುರುಗಳೇ, ಬನ್ನಿ, ಇಲ್ಲಿ ಮೆಟ್ಟಿಲಿದೆ" ಎನ್ನತೊಡಗಿದ. ಹನ್ನೆರಡು ವರ್ಷದಿಂದ ಹತ್ತಿ ಇಳಿದ ಮೆಟ್ಟಿಲು ಅದು. ಚಿಕ್ಕಪ್ಪ ಒಮ್ಮೆ, "ಏನೋ, ಒಲ್ಲದ ಗಂಡ ಅಂತ ಬೈಯೋದು ಬಿಟ್ಟೇಬಿಟ್ಯಾ?" ಅಂದರೆ ಅವನ ಕಣ್ಣಲ್ಲಿ ನೀರು ಬಂತು. ಅದಾದ ಮೇಲೆ ಚಿಕ್ಕಪ್ಪನೂ ಅವನನ್ನು ಕೆಣಕಲಿಲ್ಲ.

ಆಮೇಲೆ ಕೆಲಸ. ಮೇಡಂ ಜೋರು ಮಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಅಂಕೆಗಳಿರುವ ಫೈಲುಗಳು ಒಂದೊಂದಾಗಿ ಗಡ್ಡನ ಕಡೆ ಸರಿದವು. ಚಿಕ್ಕಪ್ಪನ ಪಾಲಿಗೆ ಬಂದದ್ದು 'ಸಹಾಯ' ಎಂಬ ಗುಂಡಿ ಒತ್ತಿದರೆ ತೆರೆಯುವ ಪುಟಗಳು, ಸ್ವಾಗತದ ಒಕ್ಕಣೆ, ಅಚ್ಚಿನ ಅಂಚಿನ ಅಳತೆ. ದುಬಾರಿ ಎಡಿಟರ್ ಕಿವಿಯಲ್ಲಿ ಸಾಲು ಸಾಲಾಗಿ ಮಾತಾಡುತ್ತಿತ್ತು. ಅದು ಹೇಳುತ್ತಿದ್ದದ್ದು 'ನಮ್ಮನ್ನು ಸಂಪರ್ಕಿಸಿ' ಎಂಬುದನ್ನು. ಅವರು ಬೆಳಿಗ್ಗೆ ಹತ್ತೂವರೆಗೆ ಕೆಲಸ ಮುಗಿಸಿ, ಸಂಜೆಯವರೆಗೆ ಕೈಕಟ್ಟಿ ಕೂರುತ್ತಿದ್ದರು. ಆ ಕೂತ ಭಂಗಿಯನ್ನು ನೋಡಲಾರದೆ ನಾನು ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡೆ.

"ಬಿಟ್ಟುಬಿಡಿ, ಇಷ್ಟು ಅವಮಾನ ಯಾಕೆ" ಎಂದು ಚಿಕ್ಕಮ್ಮ ಹೇಳಿದರೆ, "ಒಂದು ವರ್ಷದ ದುಡ್ಡು ಕಟ್ಟಿದ್ದಾರೆ ಕಣೆ ನನಗೋಸ್ಕರ. ಮಧ್ಯದಲ್ಲಿ ಎದ್ದು ಬಂದ್ರೆ ಉಂಡ ಎಲೆಗೆ ಒದ್ದ ಹಾಗಾಗುತ್ತೆ" ಎನ್ನುತ್ತಿದ್ದರು. ಒಂದು ದಿನ ರಜೆ ಹಾಕದೆ ವರ್ಷ ಪೂರ್ತಿ ಬಂದರು.

ಕೊನೆಯ ವಾರ ಮೇಡಂಗೆ ತಾವೇ ಹೋಗಿ ಹೇಳಿದರು: "ಲೈಸೆನ್ಸ್ ಮುಂದುವರಿಸಬೇಡಿ. ನಾನೂ ಸಾಕು ಅಂದ್ಕೊಂಡಿದ್ದೀನಿ."

ಮೇಡಂ ಬೈದರು. "ಏನ್ ಮಾತು ಅಂತ ಆಡ್ತೀರಿ! ನೀವಿಲ್ಲದೆ ಈ ಆಫೀಸ್ ಇದೆಯಾ?" ಅಂತೆಲ್ಲ ಜೋರಾಗಿಯೇ ಬೈದರು. ಆ ಬೈಗುಳದ ಕೆಳಗೆ ಒಂದು ನಿರಾಳವಿತ್ತು. ನನಗೆ ಅದು ಕಂಡಿತು. ಚಿಕ್ಕಪ್ಪನಿಗೆ ನನಗಿಂತ ಚೆನ್ನಾಗಿ ಕೇಳಿಸಿರಬೇಕು.

ಅವಧಿ ಮುಗಿಯುವ ದಿನ ಮಧ್ಯಾಹ್ನ ಹನ್ನೆರಡಕ್ಕೆ ಎಡಿಟರ್ ಒಂದು ಪ್ರಕಟಣೆ ಓದಿ, ಇನ್ನು ಬರೆಯಲು ಬರುವುದಿಲ್ಲ ಎಂದಿತು. ಚಿಕ್ಕಪ್ಪ ಮೇಜು ಒರೆಸಿದರು. ಗಡ್ಡ ಕಾಲು ಮುಟ್ಟಲು ಬಗ್ಗಿದ. "ಏಳೋ, ನಾನೇನು ಸತ್ತಿದ್ದೀನಾ" ಅಂದರು. ನಾನು ಅವರನ್ನು ಮನೆಗೆ ಬಿಟ್ಟುಬರುತ್ತೇನೆಂದು ಹೇಳಿ ಜೊತೆಗೆ ಹೊರಟೆ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಬಿಸಿಲು ಕಡಿಮೆಯಿತ್ತು.

"ಒಂದು ಮಾತು ಕೇಳ್ತೀನಿ" ಎಂದರು ಚಿಕ್ಕಪ್ಪ. "ಮೇಡಂ ನನಗೆ ಎಡಿಟರ್ ಕೊಡಿಸಿದ್ರು. ಕಿವಿ ಇದೆ, ಕೈ ಇದೆ. ಅಂಕೆ ಫೈಲ್ ಯಾಕೆ ಕಿತ್ಕೊಂಡ್ರು? ಬರೀ ಕನಿಕರಕ್ಕೆ ಮೇಡಂ ಹಾಗೆ ಮಾಡೋರಲ್ಲ. ನಿನಗೆ ಏನೋ ಗೊತ್ತಿದೆ."

ಸುಳ್ಳಿಗೆ ಬಾಯಿ ತೆರೆದೆ, ಬರಲಿಲ್ಲ. "ಮೂರು ತಪ್ಪಾಗಿತ್ತು ಚಿಕ್ಕಪ್ಪ. ಪುಕ್ಕಟೆಯದರಲ್ಲಿ ಅಂಟಿಸುವಾಗ. ನಾನು ಸರಿಮಾಡಿಬಿಟ್ಟೆ."

ಒಂದು ಬಸ್ಸು ಬಂದು ಹೋಯಿತು.

"ಸರಿ ಇತ್ತಾ ಅಂತ ನಾನು ಕೇಳ್ತಿದ್ದೆನಲ್ಲ."

"ಹೂಂ."

"ಕಣ್ಣು ಹೋದವನಿಗೆ ತಪ್ಪು ತೋರಿಸಬಾರದು ಅಂತ ನೀನೂ ಅಂದ್ಕೊಂಡೆಯಲ್ಲ ಮಗಳೇ. ಗಡ್ಡನಿಗಿಂತ ಮೊದಲೇ, ಮೇಡಂಗಿಂತ ಮೊದಲೇ." ಧ್ವನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಚೆನ್ನಾಗಿತ್ತು. "ಈಗ ಹೇಳು. ಎಲ್ಲೆಲ್ಲಿ?"

ಹೇಳಿದೆ. ಮೊದಲನೆಯದಕ್ಕೆ "ಹೌದು, ಎರಡು ಸಲ ಒತ್ತಿದೆ" ಅಂದರು. ಎರಡನೆಯದಕ್ಕೆ ಹಣೆ ಚಚ್ಚಿಕೊಂಡರು. "ಥೂ. ಸಾಲು ಎಣಿಸೋದರಲ್ಲಿ ಎಡವಿದ್ದೀನಿ. ಒಳ್ಳೇದು ಮಾಡಿದೆ." ಮೂರನೆಯದು ಹೇಳಿದೆ: ಹೊಸ ಯಂತ್ರ, ಅಂಕೆಯ ಮುಂದಿನ ಚಿಹ್ನೆ, ನಾನು ತೆಗೆದುಹಾಕಿದ್ದು.

ಚಿಕ್ಕಪ್ಪ ನನ್ನ ಕಡೆ ತಿರುಗಿದರು. ಓರೆಯಾಗಿ ಅಲ್ಲ, ಏನೂ ಕಾಣದ ಕಡೆಗೇ ನೇರವಾಗಿ.

"ಅದು ತಪ್ಪಲ್ಲ."

"ಅಂದ್ರೆ?"

"ಆ ಯಂತ್ರದ ಪುಸ್ತಕ ಪೂರ್ತಿ ಕೇಳಿ ಬರೆದದ್ದು ಅದು. ರಕ್ತದಲ್ಲಿ ಅಳತೆಗೆ ಸಿಗದಷ್ಟು ಕಡಿಮೆ ಇದ್ರೆ ಯಂತ್ರ 'ಪಾಯಿಂಟ್ ಐದಕ್ಕಿಂತ ಕಡಿಮೆ' ಅಂತ ಚಿಹ್ನೆ ಹಾಕಿ ಕಳಿಸುತ್ತೆ. ಅಂದ್ರೆ ಏನೂ ಇಲ್ಲ, ರೋಗ ಹೋಗಿದೆ ಅಂತ ಅರ್ಥ. ಚಿಹ್ನೆ ತೆಗೆದ್ರೆ ಬರೀ ಪಾಯಿಂಟ್ ಐದು ಅಂತ ಉಳಿಯುತ್ತೆ. ಇನ್ನೂ ಸ್ವಲ್ಪ ಇದೆ ಅಂತ."

ಒಂದು ವರ್ಷ. ಎಷ್ಟು ಜನ ಆ ಕಾಗದ ಹಿಡಿದು ಆಸ್ಪತ್ರೆಯ ಬೆಂಚುಗಳ ಮೇಲೆ ಕೂತಿದ್ದರೋ. ನಾನು ಮೇಡಂ ಹತ್ತಿರ ಓಡಿದ್ದೇ ಆ ಮೂರನೆಯದನ್ನು ಕಂಡು.

"ಅವತ್ತು ನನ್ನನ್ನ ಒಂದು ಮಾತು ಕೇಳಿದ್ರೆ..." ಎಂದು ಶುರುಮಾಡಿದ ಚಿಕ್ಕಪ್ಪ ಅಲ್ಲಿಗೇ ಬಿಟ್ಟರು. ನಾನು ಅಳುವುದು ಕೇಳಿಸಿರಬೇಕು. "ಎದ್ದೇಳು. ಅಳೋದು ಆಮೇಲೆ. ವಾಪಸ್ ಹೋಗಿ ಇವತ್ತೇ ಸರಿಮಾಡಿಸು. ಹಳೇ ವರದಿಗಳನ್ನೂ ತೆಗೆಸಬೇಕು, ಮೇಡಂಗೆ ಎಲ್ಲಾ ಹೇಳು. ಏನೂ ಮುಚ್ಚಿಡಬೇಡ" ಅಂದರು.

"ನೀವೇ ಬನ್ನಿ ಚಿಕ್ಕಪ್ಪ. ನೀವೇ ಬರೆಯಿರಿ."

"ಯಾವುದರಲ್ಲಿ ಬರೀಲಿ? ಹನ್ನೆರಡಕ್ಕೇ ಮುಗೀತಲ್ಲ." ಅವರು ಬೆಂಚಿನ ಅಂಚನ್ನು ಕೈಯಲ್ಲಿ ಸವರಿದರು. "ಹೇಳ್ತೀನಿ, ಬರ್ಕೋ."

ನಾನು ಫೋನ್ ತೆಗೆದೆ. ಅವರು ಆ ಎರಡು ಸಾಲನ್ನು ಒಂದೊಂದೇ ಚಿಹ್ನೆಯಾಗಿ ಹೇಳಿದರು, ಎಲ್ಲೂ ತಡವರಿಸದೆ. ಅವರು ಹತ್ತಬೇಕಿದ್ದ ಬಸ್ಸು ಬಂದು ನಿಂತಿತು.

"ಈಗ ಓದು" ಅಂದರು.

ಓದಿದೆ. ಬಸ್ಸು ಹೊರಟುಹೋಯಿತು.

"ಇನ್ನೊಂದ್ಸಲ" ಅಂದರು. "ನಿಧಾನಕ್ಕೆ. ಒಂದನ್ನೂ ಬಿಡಬೇಡ."